ಅಸಮಬಲರ ಕೂಟ

ಆಟದಲ್ಲಿ ಸಮಬಲರು ಎದುರಾದರೆ ಮಾತ್ರ ಸ್ವಾರಸ್ಯವೆಂಬುದು ಲೋಕರೂಢಿಯ ಮಾತು. ಕುಸ್ತಿಯ ಕಣದಲ್ಲಿ ತೂಕ ನೋಡಿ ಜೋಡಿ ಕಟ್ಟುತ್ತಾರೆ. ಶಾಲೆಯ ಓಟದ ಪಂದ್ಯದಲ್ಲಿ ವಯಸ್ಸು ನೋಡಿ ಗುಂಪು ಮಾಡುತ್ತಾರೆ. ತುಳುನಾಡಿನ ಕಂಬಳದಲ್ಲಿ ಕೂಡ ‘ಹಗ್ಗ ಹಿರಿಯ’, ‘ಹಗ್ಗ ಕಿರಿಯ’, ‘ನೇಗಿಲು ಹಿರಿಯ’, ‘ನೇಗಿಲು ಕಿರಿಯ’ ಎಂದು ಕೋಣಗಳಿಗೆ ಬೇರೆ ಬೇರೆ ವಿಭಾಗಗಳುಂಟು. ಹಿರಿಯ ಕೋಣಗಳನ್ನು ಕಿರಿಯವುಗಳ ಜೊತೆಗೆ ಓಡಿಸಿ ಗೆದ್ದೆವೆಂದು ಹೆಮ್ಮೆಪಡುವವರು ಯಾರೂ ಇರಲಾರರು.

ಆದರೆ ನುರಿತವನೂ ಹೊಸಬನೂ ಒಂದೇ ಚಾಪೆಯ ಮೇಲೆ ಕುಳಿತು, ಒಂದೇ ಕಥೆಯನ್ನು ಕೂಡಿ ನಡೆಸಬೇಕಾದ ಆಟಗಳೂ ಉಂಟು. ಅಲ್ಲಿ ವಿಭಾಗ ಮಾಡಿ ಬೇರ್ಪಡಿಸುವಂತಿಲ್ಲ. ಬೇರ್ಪಡಿಸಿದರೆ ಆಟವೇ ಇಲ್ಲ. ಇಂತಹ ಆಟವನ್ನು ಕೆಡದಂತೆ ನಡೆಸುವುದು ಹೇಗೆ? ಪ್ರಶ್ನೆ ಹಗುರವಾಗಿ ತೋರಿದರೂ ಅದರಲ್ಲಿ ಗಣಿತವುಂಟು, ಮನಶ್ಶಾಸ್ತ್ರವುಂಟು. ಒಂದು ಕಲೆ ಮುಂದಿನ ತಲೆಮಾರಿಗೆ ದಾಟುವುದೋ ಇಲ್ಲವೋ ಎಂಬ ವಿಚಾರವೂ ಉಂಟು.

ಮಳೆಗಾಲದ ಕೂಟ

ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹೆದ್ದಾರಿಯಲ್ಲಿ ತೋಡಾರು ಎಂಬ ಊರುಂಟಷ್ಟೆ. ಅದರ ಸುತ್ತಣ ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಸೀಮೆ ಯಕ್ಷಗಾನದ ನೆಲ. ಧರ್ಮಸ್ಥಳವೇ ಮೊದಲಾದ ಕ್ಷೇತ್ರಗಳ ಮೇಳಗಳು ದೀಪಾವಳಿಯ ಬಳಿಕ ತಿರುಗಾಟಕ್ಕೆ ಹೊರಟು, ಪತ್ತನಾಜೆಯ ಹೊತ್ತಿಗೆ, ಎಂದರೆ ತುಳುವರ ಬೇಸ ತಿಂಗಳಿನ ಹತ್ತನೆಯ ದಿನದ ಸುಮಾರಿಗೆ, ಗೆಜ್ಜೆ ಬಿಚ್ಚುತ್ತವೆ. ಅನಂತರ ಮಳೆ. ಬಯಲಿನಲ್ಲಿ ಆಟವಾಡುವಂತಿಲ್ಲ. ಆಗ ಮನೆಯ ಚಾವಡಿಗಳಲ್ಲಿ, ದೇವಸ್ಥಾನಗಳಲ್ಲಿ, ಸಂಘಗಳ ಕೊಠಡಿಗಳಲ್ಲಿ ತಾಳಮದ್ದಳೆಯ ಕೂಟಗಳು ಏರ್ಪಡುತ್ತವೆ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಭಾಗವತರು ಪ್ರಸಂಗದ ಪದವನ್ನು ಹಾಡುತ್ತಾರೆ. ಮದ್ದಳೆ, ಚೆಂಡೆ ಜೊತೆಗೂಡುತ್ತವೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ತಮಗೆ ಬಂದ ಪಾತ್ರವನ್ನು ಮಾತಿನಿಂದಲೇ ಕಟ್ಟುತ್ತಾರೆ. ಪದ ಮಾತ್ರ ಬರೆದಿಟ್ಟದ್ದು; ಅರ್ಥವೆಲ್ಲ ಆ ಹೊತ್ತಿಗೆ ಹುಟ್ಟುವುದು. ಎದುರಿನವನು ಏನು ಕೇಳುವನೆಂಬುದು ಮೊದಲೇ ಗೊತ್ತಿರುವುದಿಲ್ಲ. ವೇಷವಿಲ್ಲದೆ ಕುಳಿತಲ್ಲೇ ಪರಕಾಯ ಪ್ರವೇಶ ಮಾಡುವ ಇಂತಹ ಕಲೆ ನಮ್ಮಲ್ಲಿ ಬಹುಕಾಲದಿಂದ ಬೆಳೆದುಬಂದಿದೆ.

ಇಂತಹ ಕೂಟವೊಂದರಲ್ಲಿ ನಾಲ್ವತ್ತು ವರ್ಷ ಅರ್ಥ ಹೇಳಿದ ನಿವೃತ್ತ ಉಪಾಧ್ಯಾಯರ ಎದುರಿಗೆ ಎರಡನೆಯ ಸಲ ಕುಳಿತ ಕಾಲೇಜು ವಿದ್ಯಾರ್ಥಿ ಇರುವುದು ಅಪರೂಪವಲ್ಲ. ಉಪಾಧ್ಯಾಯರಿಗೆ ಪುರಾಣಗಳೆಲ್ಲ ಕೈವಶ. ವಿದ್ಯಾರ್ಥಿಯ ಮನೆಮಾತು ತುಳುವೋ ಕೊಂಕಣಿಯೋ ಆಗಿರುತ್ತದೆ. ಇಂಗ್ಲಿಷ್ ಪದವೊಂದೂ ನುಸುಳದ ಗ್ರಾಂಥಿಕ ಕನ್ನಡದಲ್ಲಿ ಹತ್ತು ನಿಮಿಷ ತಡವರಿಸದೆ ಮಾತನಾಡುವುದೇ ಅವನಿಗೆ ಒಂದು ಪರೀಕ್ಷೆ. ಆ ರಾತ್ರಿ ಅವನು ಬಾಯಿ ಕಟ್ಟಿ ಕುಳಿತರೆ ಮುಂದಿನ ಕೂಟಕ್ಕೆ ಬರುವುದು ಸಂದೇಹ. ಅವನಂತಹವರು ಬರದೆಹೋದರೆ ಇನ್ನು ಇಪ್ಪತ್ತು ವರ್ಷಕ್ಕೆ ಕೂಟವಿರುವುದೂ ಸಂದೇಹ.

ಮೇಜಿನ ಸುತ್ತಣ ಆಟ

ಇದೇ ತೊಡಕನ್ನು ಪಡುವಣ ದೇಶಗಳವರು ಇನ್ನೊಂದು ಆಟದಲ್ಲಿ ಕಂಡಿದ್ದಾರೆ. ೧೯೭೪ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪಟ್ಟಣದಿಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಆಟದ ನಿಯಮಪುಸ್ತಕಗಳು ಹೊರಬಿದ್ದವು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅದರ ಕರ್ತರು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬನು ಯೋಧ, ಒಬ್ಬನು ಮಂತ್ರವಾದಿ, ಇನ್ನೊಬ್ಬನು ಅರ್ಚಕ. ಪಾತ್ರವಿಲ್ಲದ ಇನ್ನೊಬ್ಬನಿರುತ್ತಾನೆ, ಅವನು ಸೂತ್ರಧಾರ. ಎದುರಿಗೆ ಕಾಡು ಬಂದಿತು, ಕೋಟೆ ಬಂದಿತು, ರಾಕ್ಷಸ ಬಂದನು ಎಂದು ಅವನು ಹೇಳುತ್ತಾನೆ. ಪಾತ್ರಧಾರಿಗಳು ತಾವೇನು ಮಾಡುವೆವೆಂದು ಹೇಳುತ್ತಾರೆ. ಕೈಗೂಡುವುದೋ ಇಲ್ಲವೋ ಎಂಬ ಸಂದೇಹ ಬಂದಲ್ಲಿ ದಾಳ ಉರುಳುತ್ತದೆ.

ಈ ಸೂತ್ರಧಾರನ ವಂಶಾವಳಿ ಇನ್ನೂ ಹಿಂದಿನದು. ೧೮೨೪ರಲ್ಲಿ ಪ್ರಶ್ಯದ ಸೇನಾಧಿಕಾರಿ ರೈಸ್‌ವಿಟ್ಜ್ ಎಂಬಾತನು ನಕ್ಷೆಯ ಮೇಲೆ ಆಡುವ ಯುದ್ಧದಾಟವೊಂದನ್ನು ಸೇನೆಯ ತರಬೇತಿಗಾಗಿ ರೂಪಿಸಿದನು. ಅದರಲ್ಲಿ ದಾಳಗಳೂ ಇದ್ದವು, ತೀರ್ಪು ಹೇಳುವ ನಿರ್ಣಾಯಕನೂ ಇದ್ದನು. ನಿಯಮಗಳು ಅತಿಯಾಗಿ ಆಟ ನಿಧಾನವಾದಾಗ ೧೮೭೬ರಲ್ಲಿ ವೆರ್ಡಿ ದು ವೆರ್ನುವಾ ಎಂಬ ಸೇನಾನಿಯು, ದಾಳವನ್ನು ಬದಿಗಿಟ್ಟು ನುರಿತ ನಿರ್ಣಾಯಕನ ವಿವೇಕಕ್ಕೇ ಎಲ್ಲವನ್ನೂ ಬಿಡಬಹುದೆಂದು ವಾದಿಸಿದನು. ನಮ್ಮ ಭಾಗವತರ ಸ್ಥಾನವೂ ಇಂತಹುದೇ. ಅವರು ಪಾತ್ರ ವಹಿಸುವುದಿಲ್ಲ. ಆದರೆ ಯಾವ ಪದವನ್ನು ಎತ್ತಬೇಕು, ಯಾವುದನ್ನು ಬಿಡಬೇಕು, ಯಾರ ಮಾತು ಎಲ್ಲಿ ನಿಲ್ಲಬೇಕು ಎಂಬುದು ಅವರ ಕೈಯಲ್ಲಿದೆ. ಯಕ್ಷಗಾನದಲ್ಲಿ ಭಾಗವತರನ್ನೇ ಮೊದಲನೆಯ ವೇಷಧಾರಿಯೆಂದು ಕರೆಯುವ ವಾಡಿಕೆ ಇದೆ.

ಅಮೆರಿಕದ ಆಟದಲ್ಲಿ ಒಂದು ಹೊಸತನವಿತ್ತು. ಪಾತ್ರವು ಒಂದು ರಾತ್ರಿಗೆ ಮುಗಿಯುವುದಿಲ್ಲ. ಮಾಡಿದ ಸಾಹಸಕ್ಕೆ ‘ಅನುಭವದ ಅಂಕ’ಗಳು ದೊರೆಯುತ್ತವೆ; ಅಂಕಗಳು ಕೂಡಿದಂತೆ ಪಾತ್ರವು ಒಂದೊಂದೇ ಹಂತ ಮೇಲೇರುತ್ತದೆ. ಎರಡು ವರ್ಷ ತಪ್ಪದೆ ಆಡಿದವನ ಯೋಧನು ಎಂಟನೆಯ ಹಂತದಲ್ಲಿರುವಾಗ ಹೊಸ ಗೆಳೆಯನೊಬ್ಬನು ಮೊದಲನೆಯ ಹಂತದ ಯೋಧನೊಡನೆ ಬಂದು ಕುಳಿತರೆ, ಅಸಮಬಲರ ಕೂಟ ಸಿದ್ಧವಾಯಿತು.

ದಾಳದ ಲೆಕ್ಕ

ಹೀಗಾದಾಗ ಆಟ ಏಕೆ ಕೆಡುವುದೆಂಬುದನ್ನು ಸಣ್ಣ ಲೆಕ್ಕದಿಂದ ತಿಳಿಯಬಹುದು. ಲೆಕ್ಕಕ್ಕಾಗಿ ನಾವೇ ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ದಾಳಕ್ಕೆ ಇಪ್ಪತ್ತು ಮುಖ. ಶತ್ರುವಿನ ಕವಚವನ್ನು ಭೇದಿಸಲು ೧೫ ಅಥವಾ ಹೆಚ್ಚು ಬೇಕು. ಹೊಸಬನು ದಾಳದ ಅಂಕಿಗೆ ೨ನ್ನು ಕೂಡಿಸಿಕೊಳ್ಳಬಹುದು, ನುರಿತವನು ೧೦ನ್ನು ಕೂಡಿಸಿಕೊಳ್ಳಬಹುದು. ಹಾಗಾದರೆ ಹೊಸಬನಿಗೆ ದಾಳದಲ್ಲಿ ೧೩ರಿಂದ ೨೦ರ ವರೆಗಿನ ಎಂಟು ಮುಖಗಳು ಅನುಕೂಲ. ನೂರಕ್ಕೆ ೪೦ ಸಲ ಗುರಿ ತಾಗುವುದು. ನುರಿತವನಿಗೆ ೫ರಿಂದ ೨೦ರ ವರೆಗಿನ ಹದಿನಾರು ಮುಖಗಳು ಅನುಕೂಲ. ನೂರಕ್ಕೆ ೮೦ ಸಲ ತಾಗುವುದು.

ಇಷ್ಟೇ ಆಗಿದ್ದರೆ ಅಂತರ ಎರಡು ಪಟ್ಟು ಮಾತ್ರ. ಆದರೆ ನುರಿತವನ ಏಟು ಬಲವಾದುದು, ಅವನಿಗೆ ಒಂದು ಸರದಿಯಲ್ಲಿ ಎರಡು ಏಟು. ಹೊಸಬನ ಒಂದು ಏಟಿಗೆ ಶತ್ರುವಿನ ಬಲ ೫ ಕುಂದುವುದೆಂದೂ ನುರಿತವನ ಒಂದೊಂದು ಏಟಿಗೆ ೧೦ ಕುಂದುವುದೆಂದೂ ಇಟ್ಟುಕೊಂಡರೆ, ಸರಾಸರಿಯಲ್ಲಿ ಹೊಸಬನು ಸರದಿಗೆ ೨ರಷ್ಟನ್ನೂ ನುರಿತವನು ೧೬ರಷ್ಟನ್ನೂ ಸಾಧಿಸುತ್ತಾರೆ. ಎಂಟು ಪಟ್ಟು ಅಂತರ! ಶತ್ರುವಿನ ಬಲ ೬೪ ಆದರೆ ನುರಿತವನೊಬ್ಬನೇ ಅವನನ್ನು ನಾಲ್ಕು ಸರದಿಗಳಲ್ಲಿ ಕೆಡವಬಲ್ಲನು. ಇಬ್ಬರೂ ಕೂಡಿದರೆ ಸರದಿಗೆ ೧೮. ಮೂರು ಸರದಿಗೆ ೫೪. ಆಗಲೂ ನಾಲ್ಕನೆಯ ಸರದಿ ಬೇಕೇ ಬೇಕು. ಹೊಸಬನು ಇದ್ದರೂ ನಾಲ್ಕು, ಇಲ್ಲದಿದ್ದರೂ ನಾಲ್ಕು. ತಾನಿಲ್ಲದಿದ್ದರೂ ಆಗುತ್ತಿತ್ತು ಎಂಬುದನ್ನು ಅರಿಯಲು ಅವನಿಗೆ ಗಣಿತ ಬೇಕಾಗಿಲ್ಲ. ಎರಡು ಸಂಜೆ ಕುಳಿತರೆ ಸಾಕು.

ಅಪಾಯದ ಲೆಕ್ಕವೂ ಹೀಗೆಯೇ. ನುರಿತವನ ಜೀವಬಲ ೮೦, ಹೊಸಬನದು ೧೦ ಎನ್ನೋಣ. ಏಟಿಗೆ ೨೦ ಕಳೆಯುವ ಶತ್ರು ನುರಿತವನಿಗೆ ತಕ್ಕ ಎದುರಾಳಿ. ಆದರೆ ಹೊಸಬನು ಅವನ ಮೊದಲನೆಯ ಏಟಿಗೇ ಒರಗುವನು. ಏಟಿಗೆ ೪ ಕಳೆಯುವ ಶತ್ರು ಹೊಸಬನಿಗೆ ತಕ್ಕವನು. ನುರಿತವನನ್ನು ಕೆಡವಲು ಅವನು ಇಪ್ಪತ್ತು ಏಟು ಹೊಡೆಯಬೇಕು. ಒಬ್ಬನಿಗೆ ಸಾವಾದದ್ದು ಇನ್ನೊಬ್ಬನಿಗೆ ಬೇಸರ. ಇಬ್ಬರಿಗೂ ಹಿತವಾದ ಶತ್ರುವನ್ನು ಈ ದಾರಿಯಲ್ಲಿ ಹುಡುಕುವುದು ವ್ಯರ್ಥ.

ಇಮ್ಮಡಿಯ ಏಣಿ

ಆಟದ ಕರ್ತರು ಇದಕ್ಕೆ ಇಟ್ಟ ಪರಿಹಾರ ಜಾಣತನದ್ದು. ೧೯೭೪ರ ನಿಯಮದಂತೆ ಯೋಧನು ಎರಡನೆಯ ಹಂತಕ್ಕೇರಲು ೨,೦೦೦ ಅಂಕ ಬೇಕು. ಮೂರನೆಯದಕ್ಕೆ ೪,೦೦೦, ನಾಲ್ಕನೆಯದಕ್ಕೆ ೮,೦೦೦, ಐದನೆಯದಕ್ಕೆ ೧೬,೦೦೦. ಹೀಗೆ ಹೆಚ್ಚುಕಡಮೆ ಇಮ್ಮಡಿಯಾಗುತ್ತಾ ಎಂಟನೆಯ ಹಂತಕ್ಕೆ ೧,೨೦,೦೦೦, ಒಂಬತ್ತನೆಯದಕ್ಕೆ ೨,೪೦,೦೦೦. ಎಂಟನೆಯ ಹಂತವನ್ನು ಆಗತಾನೆ ಮುಟ್ಟಿದ ಯೋಧನ ಜೊತೆಗೆ ಹೊಸಬನು ಶೂನ್ಯದಿಂದ ಹೊರಟನೆನ್ನೋಣ. ಗಳಿಕೆಯನ್ನು ಸಮನಾಗಿ ಹಂಚಿಕೊಂಡರೆ, ಹಳಬನು ಇನ್ನೂ ೧,೨೦,೦೦೦ ಗಳಿಸಿ ಒಂಬತ್ತನೆಯ ಮೆಟ್ಟಿಲಿಗೆ ಕಾಲಿಡುವ ಹೊತ್ತಿಗೆ ಹೊಸಬನ ಬಳಿಯೂ ೧,೨೦,೦೦೦ ಇರುತ್ತದೆ. ಎಂದರೆ ಅವನು ಎಂಟನೆಯ ಮೆಟ್ಟಿಲಿನಲ್ಲಿ ನಿಂತಿರುತ್ತಾನೆ! ಏಳು ಮೆಟ್ಟಿಲುಗಳ ಅಂತರ ಒಂದೇ ಮೆಟ್ಟಿಲಿಗೆ ಇಳಿಯಿತು.

ಪ್ರತಿ ಮೆಟ್ಟಿಲಿಗೂ ಒಂದೇ ಬೆಲೆಯಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ಇಬ್ಬರೂ ಒಂದೇ ವೇಗದಲ್ಲಿ ಏರಿ ಏಳು ಮೆಟ್ಟಿಲುಗಳ ಅಂತರ ಕೊನೆಯವರೆಗೂ ಉಳಿಯುತ್ತಿತ್ತು. ಬೆಲೆ ಇಮ್ಮಡಿಯಾಗುತ್ತಾ ಹೋಗುವ ಏಣಿಯಲ್ಲಿ ಮಾತ್ರ ತಡವಾಗಿ ಬಂದವನು ಮುಂದಿನವನ ಬೆನ್ನು ಮುಟ್ಟಬಲ್ಲನು.

ನಿಜಜೀವನದ ಕಲಿಕೆಯೂ ಇಂತಹ ಏಣಿಯೇ. ಇಂಗ್ಲೆಂಡಿನ ಕ್ರಾಸ್‌ಮನ್ ಎಂಬ ಸಂಶೋಧಕನು ೧೯೫೯ರಲ್ಲಿ ಸಿಗಾರ್ ತಯಾರಿಸುವ ಕೆಲಸಗಾರರ ವೇಗವನ್ನು ಕುರಿತು ಬರೆದನು. ಕೆಲಸಕ್ಕೆ ಸೇರಿದ ಮೊದಲಲ್ಲಿ ವೇಗ ಬಲುಬೇಗ ಹೆಚ್ಚುತ್ತದೆ. ಅನಂತರವೂ ವರ್ಷಗಟ್ಟಲೆ ಹೆಚ್ಚುತ್ತಲೇ ಇರುತ್ತದೆ, ಆದರೆ ಹೆಚ್ಚಳ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ನಮ್ಮ ಬಂಟ್ವಾಳ, ಬೆಳ್ತಂಗಡಿ ಕಡೆಯಲ್ಲಿ ಬೀಡಿ ಕಟ್ಟಿದ ಕೈಗಳಿಗೆ ಇದು ಹೊಸ ಸಂಗತಿಯಲ್ಲ. ಮೊದಲ ತಿಂಗಳಿನಲ್ಲಿ ಕೈ ಎಷ್ಟು ಚುರುಕಾಗುವುದೋ ಅಷ್ಟು ಚುರುಕು ಹತ್ತನೆಯ ವರ್ಷದಲ್ಲಿ ಹೊಸದಾಗಿ ಕೂಡುವುದಿಲ್ಲ. ಹೊಸಬನು ಕೂಟದಲ್ಲಿ ಉಳಿದರೆ ಬೇಗ ಬೆಳೆಯುವನೆಂಬುದು ಇದರ ತಾತ್ಪರ್ಯ. ಆದರೆ ಆ ಬೆಳವಣಿಗೆಯ ದಿನ ಬರುವವರೆಗೆ ಅವನನ್ನು ಉಳಿಸಿಕೊಳ್ಳುವುದು ಹೇಗೆ? ಏಣಿಯು ಇದಕ್ಕೆ ಉತ್ತರ ಕೊಡುವುದಿಲ್ಲ.

ಕೂಡುವ ಕೆಲಸ, ಗುಣಿಸುವ ಕೆಲಸ

ಉತ್ತರವು ಮಹಾಭಾರತದ ವಿರಾಟಪರ್ವದಲ್ಲಿ ಸಿಗುತ್ತದೆ. ಕೌರವರು ಗೋವುಗಳನ್ನು ಹಿಡಿದಾಗ ವಿರಾಟನ ಮಗ ಉತ್ತರಕುಮಾರನು ಅಂತಃಪುರದಲ್ಲಿ ಪೌರುಷ ಕೊಚ್ಚಿಕೊಂಡು ಯುದ್ಧಕ್ಕೆ ಹೊರಡುತ್ತಾನೆ. ರಥ ನಡೆಸುವವನು ಬೃಹನ್ನಳೆ, ಎಂದರೆ ವೇಷ ಮರೆಸಿಕೊಂಡ ಅರ್ಜುನ. ಒಂದೇ ರಥದಲ್ಲಿ ಅನುಭವವೇ ಇಲ್ಲದವನೂ ಭೂಮಿಯಲ್ಲಿ ಎಣೆಯಿಲ್ಲದ ಅನುಭವಿಯೂ ಇದ್ದಾರೆ. ಸೇನೆಯನ್ನು ಕಂಡು ಉತ್ತರನು ರಥದಿಂದ ಹಾರಿ ಓಡುತ್ತಾನೆ. ಅರ್ಜುನನು ಅವನನ್ನು ಹಿಡಿದು ತಂದು ಏನು ಮಾಡಿದನು? ಕೈಗೆ ಬಿಲ್ಲು ಕೊಟ್ಟು ಹುರಿದುಂಬಿಸಲಿಲ್ಲ; ‘ನೀನು ಮನೆಗೆ ಹೋಗು, ನಾನೇ ನೋಡಿಕೊಳ್ಳುತ್ತೇನೆ’ ಎನ್ನಲೂ ಇಲ್ಲ. ರಥ ನಡೆಸುವ ಕೆಲಸವನ್ನು ಅವನಿಗೆ ಕೊಟ್ಟು ತಾನು ಗಾಂಡೀವವನ್ನು ಎತ್ತಿಕೊಂಡನು. ಉತ್ತರನು ಅರ್ಜುನನ ಬದಿಯಲ್ಲಿ ನಿಂತು ಬಾಣ ಬಿಟ್ಟಿದ್ದರೆ ನಮ್ಮ ಲೆಕ್ಕದ ಹೊಸಬನಂತೆ ಇದ್ದೂ ಇಲ್ಲದವನಾಗುತ್ತಿದ್ದನು. ರಥ ನಡೆಸಿದ್ದರಿಂದ, ಅವನಿಲ್ಲದೆ ಅರ್ಜುನನ ಯುದ್ಧ ನಡೆಯುವಂತಿರಲಿಲ್ಲ.

ಇದನ್ನು ಗಣಿತದ ಮಾತಿನಲ್ಲಿ ಹೀಗೆ ಹೇಳಬಹುದು. ಕೆಲಸಗಳಲ್ಲಿ ಎರಡು ಜಾತಿ. ಒಂದರಲ್ಲಿ ಎಲ್ಲರ ದುಡಿಮೆಯನ್ನೂ ಕೂಡಿಸುತ್ತೇವೆ. ಹದಿನಾರಕ್ಕೆ ಎರಡನ್ನು ಕೂಡಿದರೆ ಆ ಎರಡು ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದರಲ್ಲಿ ಒಬ್ಬನ ಕೆಲಸವೂ ಇನ್ನೊಬ್ಬನ ಕೆಲಸವೂ ಎರಡೂ ಕೈಗೂಡಿದರೆ ಮಾತ್ರ ಫಲ, ಅಲ್ಲಿ ಗುಣಿಸುತ್ತೇವೆ. ನುರಿತವನ ಭಾಗ ನೂರಕ್ಕೆ ೮೦ ಸಲ, ಹೊಸಬನ ಭಾಗ ನೂರಕ್ಕೆ ೪೦ ಸಲ ಕೈಗೂಡುವುದಾದರೆ, ಒಂದು ಇನ್ನೊಂದನ್ನು ಅವಲಂಬಿಸದಿದ್ದಲ್ಲಿ, ಎರಡೂ ಒಟ್ಟಿಗೆ ಕೈಗೂಡುವುದು ನೂರಕ್ಕೆ ೩೨ ಸಲ. ಈಗ ನುರಿತವನು ಇನ್ನೂ ನುರಿತು ೮೦ರಿಂದ ೧೦೦ಕ್ಕೆ ಏರಿದರೂ ಒಟ್ಟು ಫಲ ೪೦ನ್ನು ದಾಟುವುದಿಲ್ಲ. ಅದೇ ಹೊಸಬನು ೪೦ರಿಂದ ೬೦ಕ್ಕೆ ಏರಿದರೆ ಫಲ ೪೮ ಆಗುತ್ತದೆ. ಇಬ್ಬರೂ ಇಪ್ಪತ್ತಿಪ್ಪತ್ತೇ ಏರಿದ್ದರೂ ಹೊಸಬನ ಏರಿಕೆಗೆ ಬೆಲೆ ಹೆಚ್ಚು! ಕೂಡುವ ಆಟದಲ್ಲಿ ಹೊಸಬನು ಹೊರೆ. ಗುಣಿಸುವ ಆಟದಲ್ಲಿ ಅವನ ಬೆಳವಣಿಗೆಯೇ ಎಲ್ಲರ ಲಾಭ. ಅಲ್ಲಿ ಅವನನ್ನು ಬೆಳೆಸುವುದು ಹಿರಿಯನ ಔದಾರ್ಯವಲ್ಲ, ಸ್ವಪ್ರಯೋಜನ.

ಆದುದರಿಂದ ಸೂತ್ರಧಾರನು ಹುಡುಕಬೇಕಾದದ್ದು ಇಬ್ಬರಿಗೂ ಸಮನಾದ ಶತ್ರುವನ್ನಲ್ಲ. ಇಬ್ಬರಿಗೂ ಬೇರೆ ಬೇರೆ ಕೆಲಸವಿರುವ ಸಂದರ್ಭವನ್ನು. ಹಳಬನು ರಾಕ್ಷಸನನ್ನು ತಡೆಯುವ ಹೊತ್ತಿನಲ್ಲಿ ಹೊಸಬನು ಸೆರೆಯಾಳುಗಳ ಬೀಗ ತೆಗೆಯಬೇಕು. ಊರಿನ ಹಿರಿಯರ ಮನವೊಲಿಸಲು ಆ ಊರಿನವನೇ ಆದ ಕಿರಿಯನು ಬೇಕು. ೧೯೮೭ರಲ್ಲಿ ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್‌ಹೇಗನ್ ಎಂಬವರು ಹೊರತಂದ ‘ಆರ್ಸ್ ಮ್ಯಾಜಿಕಾ’ ಎಂಬ ಆಟವು ಅಂತರವನ್ನು ಅಳಿಸಲು ಹೋಗದೆ ಒಪ್ಪಿಕೊಂಡೇ ಹೊರಟಿತು. ಅದರಲ್ಲಿ ಮಹಾಮಂತ್ರವಾದಿಗಳೂ ಉಂಟು, ಸಂಗಡಿಗರೂ ಉಂಟು, ಸಾಮಾನ್ಯ ಕಾವಲುಗಾರರೂ ಉಂಟು; ಆದರೆ ಯಾರೂ ಒಂದೇ ಪಾತ್ರಕ್ಕೆ ಅಂಟಿಕೊಳ್ಳುವುದಿಲ್ಲ. ಈ ದಿನ ಮಂತ್ರವಾದಿಯಾದವನು ಇನ್ನೊಂದು ದಿನ ಸಂಗಡಿಗನಾಗುತ್ತಾನೆ. ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟವೂ ೨೦೧೪ರ ಐದನೆಯ ಆವೃತ್ತಿಯಲ್ಲಿ ತನ್ನ ಅಂಕಿಗಳನ್ನು ಬಿಗಿಹಿಡಿಯಿತು. ನೈಪುಣ್ಯಕ್ಕಾಗಿ ದಾಳಕ್ಕೆ ಕೂಡಿಸುವ ಅಂಕಿ ಮೊದಲನೆಯ ಹಂತದಲ್ಲಿ ೨ ಆದರೆ ಇಪ್ಪತ್ತನೆಯ ಹಂತದಲ್ಲಿ ಕೂಡ ೬ ಮಾತ್ರ. ಇದರಿಂದ ಹೊಸಬನ ದಾಳವೂ ಆಗಾಗ ಗುರಿ ಮುಟ್ಟುತ್ತದೆ.

ಅನುಭವವೆಂದರೇನು?

ಇಲ್ಲಿಯವರೆಗೆ ಹೇಳಿದ್ದು ಪಾತ್ರದ ಅನುಭವ. ಪಾತ್ರಧಾರಿಯ ಅನುಭವ ಬೇರೆ. ಮೇಜಿನಾಟದಲ್ಲಿ ಮೊದಲನೆಯದನ್ನು ಕಾಗದದ ಮೇಲೆ ಬರೆದಿಡಬಹುದು. ಎರಡನೆಯದು ತಲೆಯೊಳಗೆ ಇರುವುದು. ತಾಳಮದ್ದಳೆಯಲ್ಲಿ ಎರಡನೆಯದೇ ಮುಖ್ಯ.

ನುರಿತವನ ತಲೆಯಲ್ಲಿ ಏನಿದೆ? ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ೧೯೭೩ರಲ್ಲಿ ಚದುರಂಗದ ಆಟಗಾರರ ಮೇಲೆ ಪ್ರಯೋಗವೊಂದನ್ನು ಪ್ರಕಟಿಸಿದರು. ನಿಜವಾದ ಪಂದ್ಯದ ನಡುವಣ ಹಲಗೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದಾಗ, ಪಂಡಿತ ಆಟಗಾರನು ಹೊಸಬನಿಗಿಂತ ಬಹಳ ಹೆಚ್ಚು ಕಾಯಿಗಳನ್ನು ನೆನಪಿನಿಂದ ಸರಿಯಾಗಿ ಇಟ್ಟನು. ಕಾಯಿಗಳನ್ನು ಕ್ರಮವಿಲ್ಲದೆ ಹರಡಿ ತೋರಿಸಿದಾಗ ಅವನ ಮೇಲುಗೈ ಮಾಯವಾಯಿತು. ಪಂಡಿತನ ನೆನಪು ದೊಡ್ಡದಾಗಿರಲಿಲ್ಲ. ಅವನು ಒಂದೊಂದು ಕಾಯಿಯನ್ನು ನೋಡದೆ, ಪರಿಚಿತವಾದ ಗುಂಪುಗಳನ್ನು ಗುರುತಿಸುತ್ತಿದ್ದನು. ಅರ್ಥಧಾರಿಯೂ ಹಾಗೆಯೇ. ಎದುರಿನವನು ಒಂದು ಮಾತು ಎತ್ತಿದೊಡನೆ ಅದರ ಹಿಂದಿನ ವಾದ, ಅದಕ್ಕಿರುವ ಸಮಾಧಾನ, ಆ ಸಮಾಧಾನಕ್ಕಿರುವ ಆಕ್ಷೇಪ ಎಲ್ಲವೂ ಹಿರಿಯನಿಗೆ ಒಂದೇ ಗಂಟಾಗಿ ಕಾಣಿಸುತ್ತವೆ. ಕಿರಿಯನಿಗೆ ಬಿಡಿಬಿಡಿ ಮಾತುಗಳು ಮಾತ್ರ ಕೇಳಿಸುತ್ತವೆ. ಹಿರಿಯನು ಒಂದೇ ಬೀಸಿಗೆ ಐದು ಆಕ್ಷೇಪಗಳನ್ನು ಎಸೆದರೆ ಕಿರಿಯನ ಬಾಯಿ ಕಟ್ಟುವುದು ಬುದ್ಧಿಯ ಕೊರತೆಯಿಂದಲ್ಲ. ಗಂಟು ಕಟ್ಟಿಕೊಳ್ಳಲು ಅವನಿಗಿನ್ನೂ ಸಮಯ ದೊರೆತಿಲ್ಲ.

ಹಾಗಾದರೆ ಅವನಿಗೆ ಸುಲಭವಾದುದನ್ನೇ ಕೊಡಬೇಕೆ? ರಷ್ಯದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್ಸ್ಕಿ (೧೮೯೬–೧೯೩೪) ಇದಕ್ಕೆ ಬೇರೆ ದಾರಿ ತೋರಿಸಿದನು. ಕಲಿಯುವವನು ಒಬ್ಬನೇ ಮಾಡಬಲ್ಲದ್ದು ಒಂದು, ತಿಳಿದವರ ನೆರವಿನಿಂದ ಮಾಡಬಲ್ಲದ್ದು ಇನ್ನೊಂದು. ಇವೆರಡರ ನಡುವಣ ಪಟ್ಟಿಯಲ್ಲಿಯೇ ಕಲಿಕೆ ನಡೆಯುತ್ತದೆ. ಆಗಲೇ ಬಲ್ಲದ್ದನ್ನು ಮಾಡಿಸಿದರೆ ಬೇಸರ. ನೆರವಿತ್ತರೂ ಆಗದ್ದನ್ನು ಹೇರಿದರೆ ಹತಾಶೆ. ಪಾತ್ರ ವಹಿಸಿ ಆಡುವ ಆಟದಲ್ಲಿ ಮಗುವು ತನ್ನ ವಯಸ್ಸನ್ನು ಮೀರಿ ನಡೆದುಕೊಳ್ಳುತ್ತದೆ ಎಂಬುದನ್ನೂ ಆತನು ಒತ್ತಿಹೇಳಿದನು. ಮನೆಯಲ್ಲಿ ನಾಲ್ಕು ಮಾತನಾಡದ ಹುಡುಗನು ಅಂಗದನಾಗಿ ಕುಳಿತಾಗ ದಶಕಂಠನನ್ನು ಗದರಿಸುತ್ತಾನಲ್ಲವೆ!

ಕೂಟದ ಉಪಾಯಗಳು

ಅಸಮಬಲರನ್ನು ಕೂಡಿಸಿ ನಡೆಸುವ ಹಲವು ಉಪಾಯಗಳು ಯಕ್ಷಗಾನದ ಕಟ್ಟಿನಲ್ಲಿಯೇ ಅಡಗಿವೆ.

ಮೊದಲನೆಯದು ಪಾತ್ರದ ಹಂಚಿಕೆ. ಹೊಸಬನಿಗೆ ಚಿಕ್ಕ ಪಾತ್ರವೆಂಬುದು ವಾಡಿಕೆ. ಬಯಲಾಟದಲ್ಲಿಯೂ ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಿಂದ ಹೊರಟು ಮುಂದೆ ಪುಂಡುವೇಷ, ರಾಜವೇಷಗಳಿಗೆ ಏರುವ ಏಣಿಯುಂಟು. ಆದರೆ ಚಿಕ್ಕದೆಂದರೆ ಬರಿದಾದುದೆಂದಲ್ಲ. ದೂತನಿಗೆ ಹತ್ತೇ ಮಾತಿರಬಹುದು. ಅವನು ತಂದ ಸುದ್ದಿಯಿಲ್ಲದೆ ರಾಜನ ಮಾತು ಮುಂದುವರಿಯುವುದಿಲ್ಲ. ಅದು ಗುಣಿಸುವ ಪಾತ್ರ. ಇನ್ನು ಕೆಲವು ಪಾತ್ರಗಳಿಗೆ ಎಳೆತನವೇ ಭೂಷಣ. ಚಕ್ರವ್ಯೂಹವನ್ನು ಹೊಗಲು ಬಲ್ಲ, ಹೊರಬರಲು ಅರಿಯದ ಅಭಿಮನ್ಯುವಿನ ಬಾಯಲ್ಲಿ ತರುಣನೊಬ್ಬನ ದುಡುಕು ಶೋಭಿಸುತ್ತದೆ. ಅಂಗದ ಸಂಧಾನದಲ್ಲಿ ಅಂಗದನು ವಾಲಿಯ ಮಗ. ತನ್ನ ತಂದೆಯ ಕೈಯಲ್ಲಿ ರಾವಣನು ಪಟ್ಟ ಪಾಡನ್ನು ನೆನಪಿಸುವ ಅಸ್ತ್ರವನ್ನು ಕಥೆಯೇ ಅವನಿಗೆ ಕೊಟ್ಟಿದೆ. ರಾವಣನಾಗಿ ಕುಳಿತವನು ಎಂತಹ ಪಂಡಿತನಾದರೂ ಆ ಮಾತು ಬಂದಾಗ ತಡಬಡಾಯಿಸಲೇಬೇಕು.

ಎರಡನೆಯದು ಪ್ರಸಂಗದ ಮೇರೆ. ಮಾತು ಸ್ವತಂತ್ರ, ಕಥೆ ಸ್ವತಂತ್ರವಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (೧೯೧೮–೨೦೦೬) ಘಟಾನುಘಟಿಗಳು ವಾಲಿಯಾಗಿ ರಾಮನನ್ನು ಪ್ರಶ್ನಿಸುವಾಗ ಮರೆಯಲ್ಲಿ ನಿಂತು ಬಾಣ ಬಿಟ್ಟವನ ಪಕ್ಷ ಹಿಡಿಯುವುದು ಕಷ್ಟ. ಆದರೂ ವಾಲಿವಧೆಯಲ್ಲಿ ವಾಲಿಯು ಬದುಕಿ ಎದ್ದು ಹೋಗುವಂತಿಲ್ಲ. ಕೊನೆಗೆ ಅವನು ಮಣಿಯಲೇಬೇಕು. ಹಿರಿಯನು ಎಷ್ಟೇ ಬಲಶಾಲಿಯಾದರೂ ಕಥೆಯನ್ನು ಮೀರಿ ಗೆಲ್ಲಲಾರನು. ಅಮೆರಿಕದವರು ೨೦೧೪ರಲ್ಲಿ ಅಂಕಿಗೆ ಹಾಕಿದ ಕಡಿವಾಣವನ್ನು ಪ್ರಸಂಗಕರ್ತರು ಪದಗಳಿಂದಲೇ ಹಾಕಿದ್ದರು.

ಮೂರನೆಯದು ಭಾಗವತರ ಕೈ. ಕಿರಿಯನು ದಾರಿ ತಪ್ಪಿ ನಿಂತಾಗ ಮುಂದಿನ ಪದವನ್ನು ಎತ್ತಿದರೆ ಅವನಿಗೆ ಉಸಿರು ಬರುತ್ತದೆ, ಮುಂದೆ ಹೇಳಬೇಕಾದುದರ ಎಳೆಯೂ ಆ ಪದದಲ್ಲಿಯೇ ಸಿಗುತ್ತದೆ. ಹಿರಿಯನ ಮಾತು ಹದ ಮೀರಿದಾಗಲೂ ಅದೇ ಪದವು ಅಂಕುಶ. ಯಾರ ಮಾನವೂ ಹೋಗದಂತೆ ಇಬ್ಬರನ್ನೂ ತಿದ್ದುವ ಸಾಧನವಿದು.

ನಾಲ್ಕನೆಯದು ಹಿರಿಯನ ಪ್ರಶ್ನೆ. ‘ನೀನು ಯಾರು? ಯಾರ ಮಗ? ಬಂದ ಕಾರಣವೇನು?’ ಎಂದು ರಾವಣನು ಕೇಳಿದರೆ ಅಂಗದನಿಗೆ ಮೂರು ಉತ್ತರಗಳ ಬಾಗಿಲು ತೆರೆಯಿತು. ಅದೇ ರಾವಣನು ವೇದಾಂತದ ಕಗ್ಗಂಟೊಂದನ್ನು ಮುಂದಿಟ್ಟರೆ ಬಾಗಿಲು ಮುಚ್ಚಿತು. ಎರಡೂ ಪ್ರಶ್ನೆಗಳು ರಾವಣನ ಬಾಯಲ್ಲಿ ಸಹಜವೇ. ಯಾವುದನ್ನು ಯಾರ ಮುಂದೆ ಕೇಳಬೇಕೆಂಬುದೇ ಹಿರಿತನ. ಒಂದು ಪ್ರಶ್ನೆ ಸುಲಭದ್ದು, ಮುಂದಿನದು ಸ್ವಲ್ಪ ಕಠಿನ, ಅದರ ಮುಂದಿನದು ಉತ್ತರದ ಎಳೆಯನ್ನು ತನ್ನೊಳಗೇ ಇಟ್ಟುಕೊಂಡ ಕಠಿನ ಪ್ರಶ್ನೆ. ಹೀಗೆ ಕೇಳುತ್ತಾ ಹೋದರೆ ಕಿರಿಯನು ತನಗೆ ಗೊತ್ತಿಲ್ಲವೆಂದುಕೊಂಡಿದ್ದನ್ನು ಹೇಳಿಬಿಡುತ್ತಾನೆ. ವೈಗೋಟ್ಸ್ಕಿ ಹೇಳಿದ ನಡುವಣ ಪಟ್ಟಿ ಇದೇ.

ಎರಡು ಎಚ್ಚರಿಕೆಗಳು

ಹಿರಿಯನು ತನ್ನ ಬಲವನ್ನು ಅಡಗಿಸಿಕೊಂಡು ಬೇಕೆಂದೇ ಸೋಲುವುದು ನೆರವಲ್ಲ. ರಾವಣನ ಗರ್ಜನೆ ಕುಂದಿದರೆ ಅಂಗದನ ಧೈರ್ಯಕ್ಕೆ ಅರ್ಥವೆಲ್ಲಿ? ಸಭಿಕರೂ ಅದನ್ನು ಗುರುತಿಸುತ್ತಾರೆ, ಕಿರಿಯನೂ ಗುರುತಿಸುತ್ತಾನೆ. ಕನಿಕರದಿಂದ ದೊರೆತ ಗೆಲುವು ಅವನಿಗೆ ಸೋಲಿಗಿಂತಲೂ ಹೆಚ್ಚು ನೋವು ಕೊಡಬಹುದು. ಮೇಜಿನಾಟದ ಸೂತ್ರಧಾರನು ಹೊಸಬನ ಪಾತ್ರ ಸಾಯಲೇಕೂಡದೆಂದು ದಾಳವನ್ನು ಮರೆಮಾಚಿದರೂ ಇದೇ ಫಲ. ಅಪಾಯವಿಲ್ಲದಲ್ಲಿ ಸಾಹಸವಿಲ್ಲ.

ಇದಕ್ಕಿಂತ ದೊಡ್ಡ ಕೇಡು ಹಿರಿಯನು ಕಿರಿಯನನ್ನು ಮೆಟ್ಟಿಲಾಗಿ ಬಳಸುವುದು. ಎದುರಿನವನ ತಪ್ಪನ್ನು ಎತ್ತಿತೋರಿಸಿ ಸಭೆಯನ್ನು ನಗಿಸುವುದು ನುರಿತವನಿಗೆ ಸುಲಭ, ಚಪ್ಪಾಳೆಯೂ ದೊರೆಯುತ್ತದೆ. ಆದರೆ ಸಂವಾದವೆಂಬುದು ಗುಣಿಸುವ ಕೆಲಸ. ಎದುರಿನವನನ್ನು ಸೊನ್ನೆ ಮಾಡಿದರೆ ಉಳಿದ ಅಂಕಿ ಎಷ್ಟು ದೊಡ್ಡದಾದರೂ ಫಲ ಸೊನ್ನೆಯೇ. ಆಮೇಲೆ ಉಳಿಯುವುದು ಒಬ್ಬನ ಭಾಷಣ, ತಾಳಮದ್ದಳೆಯಲ್ಲ.

ಕೂಟವನ್ನಾಗಲಿ ಮೇಜಿನಾಟವನ್ನಾಗಲಿ ಏರ್ಪಡಿಸುವವರು ಮೊದಲೇ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಕಿರಿಯನು ಇಲ್ಲದಿದ್ದರೆ ಈ ಕಥೆಯಲ್ಲಿ ಏನು ನಿಂತುಹೋಗುತ್ತದೆ? ಏನೂ ನಿಲ್ಲುವುದಿಲ್ಲವಾದರೆ ಅವನಿಗೆ ಕೊಟ್ಟ ಪಾತ್ರ ತಪ್ಪು. ಅವನು ತಡವರಿಸಿದರೆ ಕೈಹಿಡಿಯುವವರು ಯಾರು? ಉತ್ತರವಿಲ್ಲವಾದರೆ ಸೂತ್ರಧಾರನ ಸಿದ್ಧತೆ ಸಾಲದು. ಹೋದ ಸಲಕ್ಕಿಂತ ಈ ಸಲ ಅವನಿಗೆ ಒಂದು ಹೆಜ್ಜೆ ಕಠಿನವಾದುದು ಏನಿದೆ? ಏನೂ ಇಲ್ಲವಾದರೆ ಅವನು ಬರುವುದನ್ನು ಬಿಡುವ ದಿನ ದೂರವಿಲ್ಲ.

ಇಂದು ಹಿರಿಯರೆನಿಸಿದವರೆಲ್ಲ ಎಂದೋ ಒಂದು ಮಳೆಗಾಲದ ರಾತ್ರಿ ದೂತನಾಗಿ ಕುಳಿತು ಹತ್ತು ಮಾತು ಹೇಳಿದವರೇ. ಅಂದು ಎದುರಿಗಿದ್ದವರು ಬಾಗಿಲು ತೆರೆಯುವ ಪ್ರಶ್ನೆಯನ್ನು ಕೇಳಿದ್ದರಿಂದ ಅವರು ಉಳಿದರು, ಬೆಳೆದರು. ಆ ಪ್ರಶ್ನೆಯನ್ನು ಮುಂದಿನವನಿಗೆ ಕೇಳುವ ಸರದಿ ಈಗ ಅವರದು.